ಇತರೆ ಕಾರಣ

ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನಲವತ್ತೆರಡು ಹಾಸಿಗೆಗಳು. ಅವುಗಳನ್ನು ನೋಡಿಕೊಳ್ಳಲು ಕಾಗದದ ಮೇಲೆ ಹದಿನಾಲ್ಕು ಮಂದಿ ನರ್ಸುಗಳು, ಕಣ್ಣಿಗೆ ಕಾಣುವವರು ಏಳು. ಉಳಿದ ಏಳು ಮಂದಿ ಒಂದೇ ವರ್ಷದಲ್ಲಿ ಒಬ್ಬರ ಬೆನ್ನ ಹಿಂದೆ ಒಬ್ಬರಂತೆ ಕೆಲಸ ಬಿಟ್ಟಿದ್ದರು. ಇದ್ದವರು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಿದ್ದರು.

ಈ ಏಳು ಮಂದಿಯಲ್ಲಿ ಒಬ್ಬಳು, ಉಳಿದವರಿಗೆ ಮೇಲಿನವಳು, ದೊಡ್ಡ ಸಿಸ್ಟರ್. ಹೆಸರಿಗೆ ದೊಡ್ಡವಳೇ ಹೊರತು ಆಳು ಗಿಡ್ಡ. ಔಷಧಿ ಕಪಾಟಿನ ಮೇಲಿನ ಹಲಗೆಗೆ ಕೈ ಎಟುಕಬೇಕಾದರೆ ಸ್ಟೂಲು ಬೇಕು. ಇಪ್ಪತ್ತೆರಡು ವರ್ಷ ಅದೇ ವಾರ್ಡಿನಲ್ಲಿ ಕಳೆದಿದ್ದರಿಂದ ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಕಿರಿಯ ನರ್ಸುಗಳಿಗೆ ಮಾತ್ರ ಆಕೆ ಅಕ್ಕ. ಯಾವ ಮೂಲೆಯಲ್ಲಿ ಯಾವ ರೋಗಿ ಕೆಮ್ಮಿದರೂ ಕೆಮ್ಮಿನ ಸದ್ದಿನಿಂದಲೇ ಯಾರೆಂದು ಹೇಳಬಲ್ಲವಳು. ವಾರ್ಡಿನಲ್ಲಿ ಜಗಳವಾದರೆ ಅದನ್ನು ಬಾಗಿಲು ದಾಟಿ ಹೊರಗೆ ಹೋಗದ ಹಾಗೆ ಮುಗಿಸುವುದರಲ್ಲಿ ಎತ್ತಿದ ಕೈ. ಅದರ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ದಿನ ಬೆಳಗ್ಗೆ ಮೇಟ್ರನ್ ಆಕೆಯನ್ನು ತನ್ನ ಕೋಣೆಗೆ ಕರೆಸಿಕೊಂಡಳು. ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವಳು ಈ ಮೇಟ್ರನ್. ಇನ್ನೆರಡು ವರ್ಷಕ್ಕೆ ನಿವೃತ್ತಿ. ಮಂಡಿ ನೋವಿನಿಂದ ಕುರ್ಚಿಯಲ್ಲಿ ಕಾಲು ಚಾಚಿಯೇ ಕೂರುತ್ತಿದ್ದಳು.

"ಆಡಳಿತ ಮಂಡಳಿಯೋರಿಗೆ ಈಗ ಎಚ್ಚರ ಆಗಿದೆಯಮ್ಮ," ಎಂದಳು ಮೇಟ್ರನ್. "ನಿನ್ನ ವಾರ್ಡಿಂದಲೇ ಯಾಕೆ ಇಷ್ಟು ಜನ ಬಿಟ್ಟುಹೋದ್ರು ಅಂತ ಕಾರಣ ಬೇಕಂತೆ. ತಗೋ, ಒಬ್ಬೊಬ್ಬರಿಗೆ ಒಂದೊಂದು ಫಾರಂ."

ಫಾರಮಿನಲ್ಲಿ ಐದು ಚೌಕಗಳಿದ್ದವು. ಮದುವೆ, ಹೆರಿಗೆ, ಓದು, ಹೊರದೇಶ, ಇತರೆ. ಸರಿಯಾದದ್ದಕ್ಕೆ ಗುರುತು ಹಾಕಿದರೆ ಮುಗಿಯಿತು.

"ಇದನ್ನ ಗುಮಾಸ್ತರ ಕೈಲಿ ಮಾಡಿಸಬಹುದಲ್ಲ ಮೇಡಂ?"

"ಗುಮಾಸ್ತರ ಹತ್ತಿರ ಆ ಹುಡುಗೀರು ಬಾಯಿ ಬಿಡ್ತಾರಾ? ನಿನ್ನ ಕಂಡ್ರೆ ಎಲ್ಲರಿಗೂ ಪ್ರೀತಿ. ಹೋಗಿ ಮಾತಾಡಿಸಿಕೊಂಡು ಬಾ. ಹಾಗೇ ಯಾರಾದ್ರೂ ವಾಪಸ್ ಬರೋ ಹಾಗಿದ್ರೆ ಕೇಳು."

ದೊಡ್ಡ ಸಿಸ್ಟರ್ ಫಾರಮುಗಳನ್ನು ಚೀಲಕ್ಕೆ ಹಾಕಿಕೊಂಡಳು. ಪ್ರೀತಿ ಎಂಬ ಮಾತು ಕಿವಿಗೆ ಹಿತವಾಗಿಯೇ ಇತ್ತು.

ಮೊದಲ ನಾಲ್ಕು ಸುಲಭವಾದವು. ಇಬ್ಬರು ಹೊರದೇಶಕ್ಕೆ ಹೋಗಿದ್ದರು, ಫೋನಿನಲ್ಲೇ ಸಿಕ್ಕರು. ಒಬ್ಬಳಿಗೆ ಅವಳಿ ಮಕ್ಕಳು. ಒಂದು ಮಗು ಅಳು ನಿಲ್ಲಿಸಿದರೆ ಇನ್ನೊಂದು ಶುರು ಮಾಡುತ್ತಿತ್ತು. ಇನ್ನೊಬ್ಬಳು ಓದು ಮುಂದುವರಿಸಿದ್ದಳು. ಐದನೆಯವಳು ಪೇಟೆ ಬೀದಿಯ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದೊಡ್ಡ ಸಿಸ್ಟರ್ ಹೋದಾಗ ಯಾರದೋ ಪಾದಕ್ಕೆ ಶೂ ತೊಡಿಸುತ್ತಾ ಪುಟ್ಟ ಮಣೆಯ ಮೇಲೆ ಕುಳಿತಿದ್ದಳು.

"ಆರು ವರ್ಷ ಕಲಿತ ಕೆಲಸ ಬಿಟ್ಟು ಇಲ್ಲಿ ಜನರ ಕಾಲು ಹಿಡೀತಿದ್ದೀಯಲ್ಲೇ!"

"ಅಲ್ಲೂ ಜನರ ಕಾಲೇ ಹಿಡೀತಿದ್ದೆ ಅಕ್ಕ. ಇಲ್ಲಿ ಕೂತ್ಕೊಂಡು ಹಿಡೀಬಹುದು," ಎಂದು ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಒಂದು ಗಂಟೆಗೆ ಊಟ ಮಾಡ್ತೀನಿ. ದಿನಾ ಒಂದೇ ಗಂಟೆಗೆ. ಅದೆಷ್ಟು ಸುಖ ಅಂತ ನಿಮಗೆ ಗೊತ್ತಾಗಲ್ಲ," ಎಂದಳು.

ದೊಡ್ಡ ಸಿಸ್ಟರಿಗೂ ನಗು ಬಂತು. 'ಇತರೆ' ಎಂಬಲ್ಲಿ ಗುರುತು ಹಾಕಿದಳು. ಆರನೆಯವಳ ವಿಳಾಸ ಬದಲಾಗಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಉಳಿದವಳು ಗುಬ್ಬಿ.

ಗುಬ್ಬಿ ಎನ್ನುವುದು ವಾರ್ಡಿನಲ್ಲಿ ಇಟ್ಟ ಹೆಸರು. ಸಣ್ಣ ದೇಹ, ಚುರುಕು ನಡಿಗೆ. ಆದರೆ ಅವಳ ಕೈಗೆ ಸಮನಾದ ಕೈ ಇಡೀ ಆಸ್ಪತ್ರೆಯಲ್ಲಿರಲಿಲ್ಲ. ಒಣಗಿದ ಮುದುಕಿಯರಾಗಲಿ, ನೀರು ತುಂಬಿ ಊದಿಕೊಂಡ ಕೈಗಳಾಗಲಿ, ಡಾಕ್ಟರೇ ನರ ಸಿಗದೆ ಕೈಚೆಲ್ಲಿದ ಕಡೆ ಗುಬ್ಬಿ ಬಂದು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಕಣ್ಣು ಕಿರಿದು ಮಾಡಿ, ಒಂದೇ ಚುಚ್ಚಿಗೆ ಸೂಜಿ ಕೂರಿಸುತ್ತಿದ್ದಳು. ಮಕ್ಕಳ ವಾರ್ಡಿನವರು ಕೂಡ ಅವಳನ್ನು ಕರೆಸಿಕೊಳ್ಳುತ್ತಿದ್ದರು. ಅಂಥವಳು ಎರಡೇ ವರ್ಷಕ್ಕೆ 'ಮನೆಯ ಕಾರಣ' ಎಂದು ಬರೆದುಕೊಟ್ಟು ಹೋಗಿದ್ದಳು. ಅಂದು ದೊಡ್ಡ ಸಿಸ್ಟರ್ ತುಂಬ ನೊಂದುಕೊಂಡಿದ್ದಳು. ಮನೆಯಲ್ಲಿ ಏನೋ ತಾಪತ್ರಯವಿರಬೇಕು, ಕೆದಕಬಾರದು ಎಂದು ಸುಮ್ಮನಾಗಿದ್ದಳು.

ಗುಬ್ಬಿಯ ಅಪ್ಪ ದರ್ಜಿ. ಬಾಗಿಲಿಗೆ ಬಂದವನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ದೊಡ್ಡ ಸಿಸ್ಟರನ್ನು ಕಂಡು ಅವನ ಮುಖ ಬಿಗಿಯಿತು. ಒಳಗೆ ಬನ್ನಿ ಎನ್ನಲಿಲ್ಲ. "ಅವಳು ಕೆಲಸಕ್ಕೆ ಹೋಗಿದ್ದಾಳೆ. ಮುಂದಿನ ತಿರುವಲ್ಲಿ, ಪ್ರಾಣಿಗಳ ಆಸ್ಪತ್ರೇಲಿ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ಇವರಿಗೇನಾಯಿತಪ್ಪ ಎಂದುಕೊಳ್ಳುತ್ತಾ ದೊಡ್ಡ ಸಿಸ್ಟರ್ ನಡೆದಳು.

ಪ್ರಾಣಿಗಳ ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗಲಿ. ಜಗಲಿಯ ಬೆಂಚಿನ ಮೇಲೆ ಬುಟ್ಟಿಯಲ್ಲಿ ಬೆಕ್ಕುಗಳು, ತೋಳುಗಳಲ್ಲಿ ನಾಯಿಮರಿಗಳು. ಒಳಗೆ ತಗಡು ಹೊದಿಸಿದ ಮೇಜಿನ ಮೇಲೆ ಕಂದು ಬಣ್ಣದ ಮುದಿ ನಾಯಿಯೊಂದು ನಾಲಿಗೆ ಚಾಚಿ ಮಲಗಿತ್ತು. ಗುಬ್ಬಿ ಅದರ ಮುಂಗಾಲಿನ ಕೂದಲು ಬೋಳಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಆಶ್ಚರ್ಯವಾಯಿತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ.

"ಅಕ್ಕ, ಬಂದದ್ದು ಒಳ್ಳೇದೇ ಆಯ್ತು. ನನ್ನ ಜೊತೆಯವಳು ಇವತ್ತು ಬಂದಿಲ್ಲ. ಇದರ ಮೊಣಕಾಲ ಹಿಂದೆ ಗಟ್ಟಿಯಾಗಿ ಹಿಡ್ಕೊಳ್ತೀರಾ?"

ದೊಡ್ಡ ಸಿಸ್ಟರ್ ಚೀಲ ಕೆಳಗಿಟ್ಟು ನಾಯಿಯ ಕಾಲು ಹಿಡಿದಳು. ಗುಬ್ಬಿ ಬೆರಳಿನಿಂದ ಒಮ್ಮೆ ಸವರಿದಳು, ಕಣ್ಣು ಕಿರಿದು ಮಾಡಿದಳು, ಒಂದೇ ಚುಚ್ಚಿಗೆ ಸೂಜಿ ಕೂತಿತು. ನಾಯಿ ಕುಂಯ್ ಎನ್ನಲೂ ಇಲ್ಲ.

"ಕೈ ಹಾಗೇ ಇದೆ," ಎಂದಳು ದೊಡ್ಡ ಸಿಸ್ಟರ್, ಮನಸಾರೆ.

"ಮತ್ತೆ ಸರಿಹೋಗೋಕೆ ಐದು ತಿಂಗಳು ಬೇಕಾಯ್ತು."

"ಯಾಕೆ, ಏನಾಗಿತ್ತು?"

ಗುಬ್ಬಿ ಪಟ್ಟಿ ಅಂಟಿಸುತ್ತಿದ್ದವಳು ನಿಲ್ಲಿಸಿದಳು. "ನಿಜವಾಗ್ಲೂ ನಿಮಗೆ ಗೊತ್ತಿಲ್ವಾ?"

"ಮನೆಯ ಕಾರಣ ಅಂತ ನೀನೇ ಬರೆದಿದ್ದೆ."

"ಹೌದು. ಮನೆಗೆ ಹೋದ್ರೆ ಅಪ್ಪ ದಿನಾ ನನ್ನ ಕೆನ್ನೆ ನೋಡ್ತಿದ್ರು. ಅದೇ ಮನೆಯ ಕಾರಣ."

ಆಗ ದೊಡ್ಡ ಸಿಸ್ಟರಿಗೆ ನೆನಪಾಯಿತು. ಮರೆತಿರಲಿಲ್ಲ, ಆದರೆ ಅವಳ ನೆನಪಿನಲ್ಲಿ ಅದು ಬೇರೆಯೇ ಕಥೆಯಾಗಿ ಉಳಿದಿತ್ತು.

ಆ ದಿನ ಹಗಲು ಪಾಳಿಯಲ್ಲಿ ಗುಬ್ಬಿಯ ಜೊತೆಗಿದ್ದವಳು ಒಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದಳು. ದೊಡ್ಡ ಸಿಸ್ಟರ್ ಮೀಟಿಂಗಿನಲ್ಲಿದ್ದಳು. ನಲವತ್ತೆರಡು ಹಾಸಿಗೆಗೆ ಗುಬ್ಬಿ ಒಬ್ಬಳೇ. ಬಾಗಿಲ ಬಳಿಯ ರೋಗಿಗೆ ಫಿಟ್ಸ್ ಬಂದು ಗುಬ್ಬಿ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಿದ್ದಳು. ಅದೇ ಹೊತ್ತಿಗೆ ಆ ಕೊನೆಯ ಹಾಸಿಗೆಯ ಮುದುಕಿಯ ಗ್ಲೂಕೋಸ್ ಬಾಟಲಿ ಖಾಲಿಯಾಗಿ, ಕೊಳವೆಯೊಳಗೆ ರಕ್ತ ಒಂದು ಗೇಣು ಮೇಲೇರಿತು. ಅದರಿಂದ ಅಪಾಯವೇನೂ ಇಲ್ಲ. ಆದರೆ ನೋಡಿದವರ ಎದೆ ಧಸಕ್ಕೆನ್ನುತ್ತದೆ. ಮುದುಕಿಯ ಮಗ ಕೂಗಿದ. ಬಂದೆ ಎಂದಳು ಗುಬ್ಬಿ. ಮತ್ತೆ ಕೂಗಿದ. ಒಂದು ನಿಮಿಷ ಎಂದಳು. ಅವನು ಬಂದವನೇ ಅವಳ ಕೆನ್ನೆಗೆ ಬಾರಿಸಿದ. ಆಗಲೂ ಗುಬ್ಬಿ ಫಿಟ್ಸ್ ರೋಗಿಯ ತಲೆಯನ್ನು ಕೈಬಿಟ್ಟಿರಲಿಲ್ಲ.

ದೊಡ್ಡ ಸಿಸ್ಟರ್ ಬಂದಾಗ ಮುದುಕಿಯ ಕಡೆಯವರು ಹನ್ನೆರಡು ಜನ ಸೇರಿದ್ದರು. ದೂರು ಕೊಡ್ತೀವಿ, ಇವಳ ಕೆಲಸ ತೆಗೆಸ್ತೀವಿ ಎಂದು ಕೂಗಾಟ. ಕಾವಲಿಗೆ ಗೇಟಿನಲ್ಲಿ ಇದ್ದವನು ಒಬ್ಬನೇ ಮುದುಕ. ದೊಡ್ಡ ಸಿಸ್ಟರ್ ಗುಬ್ಬಿಯನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದೊಯ್ದು ಮುಖ ತೊಳೆಸಿದಳು. "ಹೋಗಿ ಒಂದು ಸಾರಿ ಕ್ಷಮೆ ಕೇಳಿಬಿಡು. ಗಲಾಟೆ ಇಲ್ಲಿಗೇ ಮುಗೀಲಿ," ಎಂದಳು. ಭುಜ ಹಿಡಿದು ನಡೆಸಿಕೊಂಡು ಹೋದಳು. ಗುಬ್ಬಿ ಕ್ಷಮೆ ಕೇಳಿದಳು. "ಆಯ್ತು ಬಿಡಿ, ಚಿಕ್ಕ ಹುಡುಗಿ," ಎಂದು ಮುದುಕಿಯ ಮಗ ದೊಡ್ಡ ಮನಸ್ಸು ಮಾಡಿದ. ಡಾಕ್ಟರು, "ಚೆನ್ನಾಗಿ ಸಂಭಾಳಿಸಿದ್ರಿ ಸಿಸ್ಟರ್," ಎಂದರು. ಆ ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಗಂಡನಿಗೂ ಅತ್ತೆಗೂ ದೊಡ್ಡ ಸಿಸ್ಟರ್ ಇದನ್ನೆಲ್ಲ ಹೇಳಿಕೊಂಡಿದ್ದಳು, ಪಾಪದ ಹುಡುಗಿಯ ಕೆಲಸ ಉಳಿಸಿದೆ ಎಂದು.

"ನಾನು ನಿನ್ನನ್ನ ಕಾಪಾಡಿದೆ ಅಂದ್ಕೊಂಡಿದ್ದೆ," ಎಂದಳು ದೊಡ್ಡ ಸಿಸ್ಟರ್.

"ಗೊತ್ತು ಅಕ್ಕ. ಅದಕ್ಕೇ ಹೇಳೋಕಾಗಲಿಲ್ಲ. ಹೊಡೆತ ಹತ್ತು ದಿನಕ್ಕೆ ಮರೆತುಹೋಯ್ತು. ಅವನು ಯಾರೋ, ಅವನ ತಾಯಿಗೆ ಹುಷಾರಿರಲಿಲ್ಲ, ಹೆದರಿದ್ದ. ಆದ್ರೆ ನೀವು ಹಿಡಿದು ನಡೆಸಿಕೊಂಡು ಹೋದ್ರಲ್ಲ, ಅದು ಹೋಗಲಿಲ್ಲ. ಆಮೇಲೆ ಕೈ ನಡುಗೋಕೆ ಶುರುವಾಯ್ತು. ಒಂದು ಮಗುವಿಗೆ ನಾಲ್ಕು ಸಾರಿ ಚುಚ್ಚಿದೆ, ನರ ಸಿಗಲಿಲ್ಲ. ಅದರ ತಾಯಿ ಏನೂ ಅನ್ನಲಿಲ್ಲ, ನನ್ನ ಮುಖಾನೇ ನೋಡ್ತಿದ್ಲು. ಇನ್ನು ಇಲ್ಲಿದ್ರೆ ಯಾರನ್ನಾದ್ರೂ ಕೊಂದು ಹಾಕ್ತೀನಿ ಅನ್ನಿಸ್ತು. ಬಿಟ್ಟೆ."

ಹೊರಗೆ ಜಗಲಿಯಲ್ಲಿ ಬೆಕ್ಕೊಂದು ಬುಟ್ಟಿಯೊಳಗಿಂದ ಒಂದೇ ಸಮನೆ ಕೂಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಇಂಥ ಎಷ್ಟು ಜಗಳಗಳನ್ನು ತಾನು ಮುಗಿಸಿರಬಹುದು ಎಂದು ಲೆಕ್ಕ ಹಾಕಲು ಹೋಗಿ ದೊಡ್ಡ ಸಿಸ್ಟರಿನ ಮನಸ್ಸು ಹೆದರಿ ಹಿಂದೆ ಸರಿಯಿತು.

"ನನ್ನಿಂದ ತಪ್ಪಾಯ್ತು ಕಣೇ."

ಗುಬ್ಬಿ ನಾಯಿಯ ಕಿವಿಯ ಹಿಂದೆ ಕೆರೆಯುತ್ತಾ ನಿಂತಳು. "ಹೇಳಿದ್ದು ಒಳ್ಳೇದಾಯ್ತು ಅಕ್ಕ," ಎಂದಳು ಕೊನೆಗೆ. "ಆದ್ರೆ ವಾಪಸ್ ಬಾ ಅನ್ನಬೇಡಿ. ಇವು ಕಚ್ಚುತ್ತವೆ, ಪರಚುತ್ತವೆ. ಅಷ್ಟಕ್ಕೇ ಮುಗೀತು. ಆಮೇಲೆ ಯಾರೂ ನನ್ನ ಕೈಲಿ ಕ್ಷಮೆ ಕೇಳಿಸಲ್ಲ."

ಮನೆಗೆ ಬಂದು ದೊಡ್ಡ ಸಿಸ್ಟರ್ ಅಡುಗೆಮನೆಯ ಮೇಜಿನ ಮೇಲೆ ಗುಬ್ಬಿಯ ಫಾರಮು ಹರಡಿಕೊಂಡು ಕುಳಿತಳು. ಅತ್ತೆ ಬಂದು ಇಣುಕಿ ನೋಡಿದಳು. ಎಂಬತ್ತರ ಹತ್ತಿರದ ಅತ್ತೆಗೆ ಕಣ್ಣು ಮಂಜಾಗಿದ್ದರೂ ಮಾತಿನ ಹರಿತ ಹಾಗೇ ಇತ್ತು.

"ಏನೇ ಅದು? ಪರೀಕ್ಷೆ ಕಟ್ಟಿದ್ದೀಯಾ?"

"ಹೌದು ಅತ್ತೆ. ಫೇಲಾಗಿದ್ದೀನಿ."

ಐದು ಚೌಕಗಳಲ್ಲಿ ಕೊನೆಯದಕ್ಕೆ ಗುರುತು ಹಾಕಿ, ಅದರ ಪಕ್ಕದ ಸಣ್ಣ ಜಾಗದಲ್ಲಿ ಹಿಡಿಸದೆ ಅಂಚಿನುದ್ದಕ್ಕೂ ಬರೆದಳು: 'ರೋಗಿಯ ಕಡೆಯವರು ಇವಳಿಗೆ ಹೊಡೆದರು. ಆ ಹೊತ್ತಿನಲ್ಲಿ ವಾರ್ಡಿಗೆ ಇವಳೊಬ್ಬಳೇ ಇದ್ದಳು. ಹೊಡೆಸಿಕೊಂಡವಳಿಂದಲೇ ಕ್ಷಮೆ ಕೇಳಿಸಿದವಳು ನಾನು.' ಕೆಳಗೆ ಸಹಿ ಮಾಡಿದಳು.

ಮೇಟ್ರನ್ ಅದನ್ನು ಎರಡು ಸಲ ಓದಿದಳು. ಆಮೇಲೆ ಎದ್ದು ಕುಂಟುತ್ತಾ ಹೋಗಿ ಬಾಗಿಲು ಮುಚ್ಚಿ ಬಂದಳು.

"ತಲೆ ನೆಟ್ಟಗಿದೆಯಾ ನಿನಗೆ? ಮಂಡಳಿಯೋರಿಗೆ ಒಂದು ತಲೆ ಬೇಕು. ನಿನ್ನದನ್ನ ನೀನೇ ತಟ್ಟೇಲಿ ಇಟ್ಟು ಕೊಡ್ತಿದ್ದೀಯಲ್ಲ!"

"ನಡೆದದ್ದು ಬರೆದಿದ್ದೀನಿ ಮೇಡಂ."

"ನಾವು ಯಾರು ಕೇಳಿಲ್ಲ ಹೇಳು ಕ್ಷಮೆ? ನಾನು ಒಬ್ಬನ ಹತ್ತಿರ ಕೇಳಿದ್ದೆ, ಅವನ ಹೆಂಡತಿಯ ಜೀವ ಎರಡು ದಿನ ಹಿಡಿದು ನಿಲ್ಲಿಸಿದವಳು ನಾನೇ. ಕುಡಿದು ಬಂದು ಬಾಯಿಗೆ ಬಂದಂತೆ ಬೈದ. ಅವತ್ತಿನ ಸಿಸ್ಟರು ಕೇಳು ಅಂದ್ರು, ಕೇಳಿದೆ. ಸತ್ತುಹೋದೆನಾ ನಾನು? ಮೇಟ್ರನ್ ಆದೆ."

ದೊಡ್ಡ ಸಿಸ್ಟರಿಗೆ ತನ್ನ ಎರಡನೇ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಅವಳ ಭುಜವನ್ನೂ ಆಗಿನ ಸಿಸ್ಟರೊಬ್ಬರು ಹೀಗೇ ಹಿಡಿದು ನಡೆಸಿದ್ದರು. ಅದನ್ನು ಇಷ್ಟು ವರ್ಷ ಅವಳು ಕೆಲಸ ಕಲಿತದ್ದು ಎಂದೇ ಲೆಕ್ಕ ಹಿಡಿದಿದ್ದಳು.

"ಹೊಸ ಫಾರಂ ಕೊಡ್ತೀನಿ, ಬರೆದುಕೊಡು," ಎಂದಳು ಮೇಟ್ರನ್, ಸ್ವಲ್ಪ ಮೆತ್ತಗೆ.

"ಬೇಡ ಮೇಡಂ. ಅದೇ ಇರಲಿ."

ಇದಾಗಿ ಎರಡು ವಾರ ಕಳೆದಿರಬಹುದು. ಮಧ್ಯಾಹ್ನ ರೋಗಿಗಳನ್ನು ನೋಡಲು ಬರುವವರ ಹೊತ್ತು. ಒಂಬತ್ತನೇ ಹಾಸಿಗೆಯಲ್ಲಿದ್ದ ಹೆಂಗಸಿನ ಗಂಡ ಕಟ್ಟಡಗಳ ಗುತ್ತಿಗೆದಾರ. ಆಡಳಿತ ಮಂಡಳಿಯವರಿಗೆ ಬೇಕಾದವನು. ಹೆಂಡತಿಯನ್ನು ನೋಡಲು ಏಳು ಜನರನ್ನು ಕಟ್ಟಿಕೊಂಡು ಬಂದಿದ್ದ. ಪಕ್ಕದ ಹಾಸಿಗೆಯ ಹುಡುಗಿಗೆ ಉಸಿರಾಟದ ತೊಂದರೆ. ಕನ್ನಡಕದ ಹುಡುಗಿ ಎಂದೇ ಎಲ್ಲರೂ ಕರೆಯುತ್ತಿದ್ದ ಹೊಸ ನರ್ಸು ಹೋಗಿ, "ಇಬ್ಬರು ಇರಿ ಸಾರ್, ಉಳಿದೋರು ಹೊರಗೆ ಕೂತಿರಲಿ," ಎಂದಳು. ಅವನು ಕೇಳಿಸದವನಂತೆ ನಿಂತ. ಅವಳು ಇನ್ನೊಮ್ಮೆ ಹೇಳಿದಳು. ಅವನು ಹಾಸಿಗೆಯ ಕಾಲಬದಿಯಲ್ಲಿದ್ದ ಫೈಲನ್ನು ಕಿತ್ತು ಅವಳ ಮುಖಕ್ಕೆ ಬೀಸಿದ. ಕನ್ನಡಕ ನೆಲಕ್ಕೆ ಬಿದ್ದು ಒಡೆಯಿತು.

ದೊಡ್ಡ ಸಿಸ್ಟರ್ ಔಷಧಿ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು.

"ನೋಡಿ ಸಿಸ್ಟರ್, ನಿಮ್ಮ ಹುಡುಗೀರಿಗೆ ಯಾರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದೇ ಗೊತ್ತಿಲ್ಲ," ಎಂದ ಗುತ್ತಿಗೆದಾರ. "ಇವಳ ಕೈಲಿ ಕ್ಷಮೆ ಕೇಳಿಸಿ. ಇಲ್ಲಾಂದ್ರೆ ಮೇಲಿನವರ ಹತ್ತಿರ ಮಾತಾಡ್ತೀನಿ."

ಕನ್ನಡಕವಿಲ್ಲದ ಹುಡುಗಿ ಕಣ್ಣು ಮಿಟುಕಿಸುತ್ತಾ ದೊಡ್ಡ ಸಿಸ್ಟರ್ ಇದ್ದ ದಿಕ್ಕಿಗೆ ನೋಡಿದಳು. ಇಪ್ಪತ್ತೆರಡು ವರ್ಷ ಇಂಥ ಹೊತ್ತಿನಲ್ಲಿ ಬಾಯಿಗೆ ತಾನಾಗಿ ಬರುತ್ತಿದ್ದ ಮಾತು ಈಗಲೂ ದೊಡ್ಡ ಸಿಸ್ಟರಿನ ನಾಲಿಗೆಯ ತುದಿಯಲ್ಲೇ ಇತ್ತು.

"ಇವಳು ಕೇಳೋದಿಲ್ಲ ಸಾರ್," ಎಂದಳು. "ನೀವು ಕೇಳಬೇಕು."

ಗುತ್ತಿಗೆದಾರನಿಗೆ ಕೇಳಿಸಿದ್ದು ನಂಬಿಕೆಯಾಗಲಿಲ್ಲ. "ಏನಂದೆ?"

"ಹೊಡೆದೋರು ನೀವು. ಕೇಳಬೇಕಾದೋರೂ ನೀವೇ."

ಹಾಸಿಗೆಯ ಮೇಲಿದ್ದ ಅವನ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಸಾಕು ಮಾಡಿ. ಇಲ್ಲಿ ನಾನು ಇನ್ನೂ ಎಂಟು ದಿನ ಇರಬೇಕು," ಎಂದಳು, ಅಳುವ ದನಿಯಲ್ಲಿ. ಅವನು ಜೇಬಿನಿಂದ ಫೋನು ತೆಗೆದು ಹೊರಗೆ ನಡೆದ. ಏಳು ಜನರೂ ಅವನ ಹಿಂದೆ ಹೋದರು.

ಮರುದಿನ ಆಸ್ಪತ್ರೆಯ ಮುಖ್ಯಸ್ಥರಾದ ಅಧೀಕ್ಷಕರ ಕೋಣೆಯಲ್ಲಿ ವಿಚಾರಣೆ. ಅಧೀಕ್ಷಕರು, ಮೇಟ್ರನ್, ಹಿಂದೆ ಗುಬ್ಬಿಯ ಗಲಾಟೆಯಲ್ಲಿ ಭೇಷ್ ಎಂದಿದ್ದ ಅದೇ ಡಾಕ್ಟರು. ಕನ್ನಡಕದ ಹುಡುಗಿಯ ವಿಷಯ ಯಾರಿಗೂ ಬೇಕಾಗಿರಲಿಲ್ಲ. ದೊಡ್ಡ ಸಿಸ್ಟರ್ ಒಮ್ಮೆ ಗುತ್ತಿಗೆದಾರನ ಎದುರು, 'ಏನೋ ಬಾಯಿ ತಪ್ಪಿ ಬಂತು' ಎಂದರೆ ಸಾಕಿತ್ತು.

"ಎರಡು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗುತ್ತೆ ಸಿಸ್ಟರ್?" ಎಂದರು ಡಾಕ್ಟರು. "ಇಂಥದ್ದನ್ನ ನೀವೇ ಎಷ್ಟು ನಾಜೂಕಾಗಿ ಮುಗಿಸ್ತಿದ್ರಿ!"

"ಹಾಗೆ ಮುಗಿಸಿದ್ದಕ್ಕೇ ಇವತ್ತು ಗುಬ್ಬಿ ಇಲ್ಲ ಡಾಕ್ಟರೇ."

ಅಧೀಕ್ಷಕರು ಗಡಿಯಾರ ನೋಡಿದರು. ಸಂಜೆಯ ಹೊತ್ತಿಗೆ ಆದೇಶ ಬಂತು. ದೊಡ್ಡ ಸಿಸ್ಟರನ್ನು ತಾತ್ಕಾಲಿಕವಾಗಿ ಬಟ್ಟೆಗಳ ಉಗ್ರಾಣಕ್ಕೆ ಹಾಕಲಾಗಿತ್ತು.

ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಒಂದು ಕಿಟಕಿ, ಅದರಿಂದ ಕಾಣುವುದು ಓಡಾಡುವವರ ಪಾದಗಳು ಮಾತ್ರ. ಚೀಲಗಳಲ್ಲಿ ತುಂಬಿದ ಹಾಸಿಗೆ ಬಟ್ಟೆಗಳು, ಬ್ಲೀಚಿನ ವಾಸನೆ, ಹೊಲಿಗೆ ಬಿಚ್ಚಿದ ದಿಂಬುಗಳು. ಮೊದಲ ಮೂರು ದಿನ ಆಕೆ ಬಾಗಿಲ ಕಡೆಯೇ ಕಿವಿಯಾಗಿದ್ದಳು. ವಾರ್ಡಿನವರು ಗುಂಪು ಕಟ್ಟಿಕೊಂಡು ಬರುತ್ತಾರೆ, ನಮ್ಮ ಅಕ್ಕನನ್ನು ವಾಪಸ್ ಕೊಡಿ ಎನ್ನುತ್ತಾರೆ ಎಂದು ಒಳಗೆಲ್ಲೋ ಆಸೆ. ಯಾರೂ ಬರಲಿಲ್ಲ. ಅವರಿಗಾದರೂ ಬರಲು ಹೊತ್ತೆಲ್ಲಿತ್ತು? ಆರು ಜನ ನಲವತ್ತೆರಡು ಹಾಸಿಗೆ ನೋಡುತ್ತಿದ್ದರು. ನಾಲ್ಕನೇ ದಿನ ಆಕೆ ತೋಳು ಮಡಚಿ ಉಗ್ರಾಣ ಜೋಡಿಸತೊಡಗಿದಳು. ಆಸ್ಪತ್ರೆಯಲ್ಲಿ ದಿಂಬಿನ ಕವರುಗಳು ಯಾವಾಗಲೂ ಯಾಕೆ ಸಾಲುವುದಿಲ್ಲ ಎಂಬ ಹಳೇ ಗುಟ್ಟು ಎರಡನೇ ವಾರದಲ್ಲಿ ಬಯಲಾಯಿತು: ಅರ್ಧಕ್ಕರ್ಧ ಕವರುಗಳಲ್ಲಿ ಆಫೀಸಿನವರು ಹಳೇ ಫೈಲು ತುಂಬಿಸಿಟ್ಟಿದ್ದರು.

ತಿಂಗಳು ತುಂಬುವ ಮುಂಚೆ ಕನ್ನಡಕದ ಹುಡುಗಿ ಮೆಟ್ಟಿಲಿಳಿದು ಬಂದಳು. ಹೊಸ ಕನ್ನಡಕ ಹಾಕಿದ್ದಳು. ಕೈಯಲ್ಲಿ ಲಕೋಟೆ.

"ಬಿಡ್ತಿದ್ದೀನಿ ಅಕ್ಕ. ನಿಮಗೆ ಮೊದಲು ಹೇಳೋಣ ಅಂತ."

ದೊಡ್ಡ ಸಿಸ್ಟರ್ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಎದೆಗವಚಿಕೊಂಡು ನಿಂತಳು. "ಯಾಕೇ? ನಿನ್ನ ಕೈಲಿ ಯಾರೂ ಕ್ಷಮೆ ಕೇಳಿಸಲಿಲ್ಲವಲ್ಲ!"

"ಇಲ್ಲ. ನೀವು ನನ್ನ ಪರವಾಗಿ ನಿಂತ್ರಿ. ಸಾಯೋವರೆಗೂ ಮರೆಯಲ್ಲ. ಆದ್ರೆ ನಿಂತ ನಿಮ್ಮನ್ನ ಏನ್ಮಾಡಿದ್ರು ಅಂತ ನೋಡಿದೆನಲ್ಲ. ಇನ್ನೊಂದು ಸಾರಿ ಹಾಗಾದ್ರೆ ಯಾರು ನಿಲ್ತಾರೆ? ನಾನೇ ಬೇರೆಯೋರಿಗೆ ನಿಲ್ಲೋ ಹೊತ್ತು ಬಂದ್ರೆ ನಿಲ್ತೀನಾ? ನನಗೆ ಅಷ್ಟು ಧೈರ್ಯ ಇಲ್ಲ ಅಕ್ಕ."

ಅವಳು ಹೋದ ಮೇಲೆ ದೊಡ್ಡ ಸಿಸ್ಟರ್ ಬಟ್ಟೆ ಗಂಟಿನ ಮೇಲೆ ಕುಳಿತುಬಿಟ್ಟಳು. ಅಳು ಬರಲಿಲ್ಲ. ಬಗ್ಗಿದರೂ ಹೋಗುತ್ತಾರೆ, ನಿಂತರೂ ಹೋಗುತ್ತಾರೆ. ಹಾಗಾದರೆ ತಾನು ಮಾಡಿದ್ದು ಯಾರಿಗಾಗಿ? ಆ ದಿನ ಸಂಜೆಯವರೆಗೂ ಒಂದು ಬಟ್ಟೆಯನ್ನೂ ಮಡಚಲಿಲ್ಲ.

ಮನೆಯಲ್ಲಿ ಗಂಡ ಹೇಳಿದ, "ಬಿಟ್ಟುಬಿಡು. ನಾನು ದುಡೀತಿಲ್ವಾ?" ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಅವನ ಮಾತೂ ತಿದ್ದಿದ ಕರಡಿನ ಹಾಗೆ ಚಿಕ್ಕದು. ಆಕೆ ಒಂದು ವಾರ ರಜೆ ಹಾಕಿ ನೋಡಿದಳು. ಮೊದಲ ದಿನ ಅತ್ತೆಯ ಮಾತ್ರೆಗಳನ್ನು ಹೊತ್ತಿನ ಪ್ರಕಾರ ಡಬ್ಬಿಗಳಲ್ಲಿ ಜೋಡಿಸಿದಳು. ಎರಡನೇ ದಿನ ಗಂಡ ಎಷ್ಟು ನೀರು ಕುಡಿಯುತ್ತಾನೆಂದು ಅಳೆಯತೊಡಗಿದಳು. ಮೂರನೇ ದಿನ ಎದುರು ಮನೆಯವನ ಕೆಮ್ಮು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಎದೆಯ ಫೋಟೋ ತೆಗೆಸಿ ಎಂದು ಹೇಳಿ ಬಂದಳು.

"ಇವಳನ್ನ ಬೇಗ ಎಲ್ಲಿಗಾದ್ರೂ ಕಳಿಸೋ," ಎಂದಳು ಅತ್ತೆ ಮಗನಿಗೆ. "ಇವಳು ಮನೇಲಿದ್ರೆ ನಾವ್ಯಾರೂ ಆರೋಗ್ಯವಾಗಿರೋ ಹಾಗಿಲ್ಲ." ಆಮೇಲೆ ಸೊಸೆಯ ಪಕ್ಕ ಬಂದು ಕುಳಿತು, ದನಿ ಬದಲಿಸಿ ಕೇಳಿದಳು: "ಯಾಕೇ ಇಷ್ಟು ಸೊರಗಿದ್ದೀಯ? ಅಲ್ಲಿಗೆ ಹೋಗೋಕೆ ಭಯಾನಾ, ಬಿಡೋಕೆ ಭಯಾನಾ?"

"ಎರಡೂ ಅತ್ತೆ," ಎಂದಳು ದೊಡ್ಡ ಸಿಸ್ಟರ್. ಆಗ ಅಳು ಬಂತು. ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದಳು.

ರಜೆ ಮುಗಿಸಿ ಉಗ್ರಾಣಕ್ಕೆ ಹೋದ ಎರಡನೇ ದಿನ ಮೇಟ್ರನ್ ಮೆಟ್ಟಿಲಿಳಿದು ಬಂದಳು. ಮಂಡಿ ನೋವಿನವಳು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ದೊಡ್ಡ ಸಿಸ್ಟರ್ ಕೆಳಗಿನಿಂದ ನೋಡುತ್ತಾ ನಿಂತಳು. ಕೈ ಕೊಡಲು ಹೋಗಲಿಲ್ಲ. ಕೊನೆಯ ಎರಡು ಮೆಟ್ಟಿಲು ಉಳಿದಾಗ ಮನಸ್ಸು ತಡೆಯದೆ ಹೋಗಿ ಹಿಡಿದುಕೊಂಡಳು.

ಮೇಟ್ರನ್ ಗಂಟಿನ ಮೇಲೆ ಕುಳಿತು ಏದುಸಿರು ಬಿಟ್ಟಳು. "ಇನ್ನಿಬ್ಬರು ಹೋದ್ರು. ವಾರ್ಡಲ್ಲಿ ಈಗ ಇರೋದು ಮೂರೇ ಜನ. ನಿನ್ನೆ ಒಬ್ಬ ರೋಗಿಗೆ ಇನ್ನೊಬ್ಬಳ ಮಾತ್ರೆ ಹೋಯ್ತು. ಪುಣ್ಯ, ಏನೂ ಆಗಲಿಲ್ಲ. ನೀನು ಬರಬೇಕು."

"ಅಧೀಕ್ಷಕರು ಒಪ್ಪಿದ್ರಾ?"

"ಮಾತ್ರೆ ವಿಷಯ ಕೇಳಿದ ಮೇಲೆ ಒಪ್ಪದೆ ಏನು ಮಾಡ್ತಾರೆ?" ಮೇಟ್ರನ್ ಸ್ವಲ್ಪ ಹೊತ್ತು ಮಂಡಿ ನೀವಿಕೊಂಡಳು. "ಇನ್ನೊಂದು ಹೇಳಿಬಿಡ್ತೀನಿ. ಆ ಗುಬ್ಬಿ ಫಾರಂ ನಾನು ಕಳಿಸಲಿಲ್ಲ. ಮನೆಯ ಕಾರಣ ಅಂತ ಬರೆದು ಬೇರೆ ಕಳಿಸಿದೆ. ನಿನ್ನ ಉಳಿಸೋಣ ಅಂತ."

ದೊಡ್ಡ ಸಿಸ್ಟರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ತಾನೂ ಹೀಗೇ ಎಷ್ಟು ಜನರನ್ನು ಉಳಿಸಿದ್ದಳು!

"ಬರ್ತೀನಿ," ಎಂದಳು. "ಆದ್ರೆ ಎರಡು ಮಾತು. ಯಾವ ಪಾಳಿಯಲ್ಲೂ ಒಬ್ಬಳೇ ನರ್ಸು ಇರಬಾರದು. ಮತ್ತೆ, ಯಾರಾದ್ರೂ ನಮ್ಮವರ ಮೇಲೆ ಕೈ ಮಾಡಿದ್ರೆ ಕ್ಷಮೆ ಕೇಳೋರು ನಾವಲ್ಲ ಅಂತ ಬರೆದು ವಾರ್ಡಿನ ಬಾಗಿಲಿಗೆ ಹಾಕಬೇಕು."

"ಬಾಗಿಲಿಗೆ ಹಾಕೋಕೆ ಬಿಡಲ್ಲಮ್ಮ ಅವರು. ನನ್ನ ಕೈಲಾಗದ ಮಾತು ಕೊಡಲ್ಲ. ಇಬ್ಬರು ನರ್ಸು ಅನ್ನೋದಕ್ಕೆ ನಾನು ಹೊಣೆ. ಬೇರೆ ವಾರ್ಡಿಂದ ಕಿತ್ತಾದ್ರೂ ಕೊಡ್ತೀನಿ."

"ಬೇರೆ ವಾರ್ಡಿನೋರು ಏನು ಮಾಡಬೇಕು?"

ಮೇಟ್ರನ್ ಗೋಡೆಗೆ ಕೈಯೂರಿ ಎದ್ದಳು.

ಒಪ್ಪಿಕೊಳ್ಳುವಾಗ ದೊಡ್ಡ ಸಿಸ್ಟರಿಗೆ ಗೆದ್ದೆ ಎನ್ನಿಸಲಿಲ್ಲ, ಸೋತೆ ಎಂದೂ ಅನ್ನಿಸಲಿಲ್ಲ. ಒಬ್ಬಳ ಮಾತ್ರೆ ಇನ್ನೊಬ್ಬಳಿಗೆ ಹೋದದ್ದು ಮಾತ್ರ ತಲೆಯೊಳಗೆ ಕೊರೆಯುತ್ತಿತ್ತು.

ವಾರ್ಡಿಗೆ ಮರಳಿದ ಮೊದಲ ದಿನವೇ ಆಕೆ ಬಾಗಿಲಿಗೆ ಹಾಕಲಾಗದ ಮಾತನ್ನು ಬಾಯಲ್ಲೇ ಹೇಳಿದಳು, ಪಾಳಿಯ ಶುರುವಿನಲ್ಲಿ, ನರ್ಸುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ರೋಗಿಗಳಿಗೂ ಕೇಳಿಸುವಷ್ಟು ಜೋರಾಗಿ. ಆಮೇಲೆ ಹೊಸಬರು ಬಂದಾಗಲೆಲ್ಲ ಹೇಳಿದಳು. ಮುಂದಿನ ವರ್ಷದಲ್ಲಿ ಮತ್ತೆರಡು ಸಲ ಕೂಗಾಟವಾಯಿತು. ಒಮ್ಮೆ ಎದುರಿನವನೇ ತಪ್ಪೊಪ್ಪಿಕೊಂಡ. ಇನ್ನೊಮ್ಮೆ ಆಕೆಗೇ ನೋಟೀಸು ಬಂತು. ಹೊಸದಾಗಿ ಬಂದ ಐವರಲ್ಲಿ ಇಬ್ಬರು ಬಿಟ್ಟುಹೋದರು, ಮೂವರು ಉಳಿದರು. ಗುಬ್ಬಿ ಪ್ರಾಣಿಗಳ ಆಸ್ಪತ್ರೆಯಲ್ಲೇ ಇದ್ದಾಳೆ. ಕನ್ನಡಕದ ಹುಡುಗಿಯ ಸುದ್ದಿಯಿಲ್ಲ.

ಉಳಿದ ಮೂವರಲ್ಲಿ ಒಬ್ಬಳು ಒಂದು ಮಧ್ಯಾಹ್ನ ಗಬಗಬನೆ ಊಟ ಮುಗಿಸುತ್ತಾ ಕೇಳಿದಳು, "ಅಕ್ಕ, ನಿಮಗೆ ಯಾವತ್ತೂ ಬಿಟ್ಟುಹೋಗೋಣ ಅನ್ನಿಸಿಲ್ವಾ?"

"ಇವತ್ತು ಬೆಳಗ್ಗೆಯೂ ಅನ್ನಿಸಿತ್ತು," ಎಂದಳು ದೊಡ್ಡ ಸಿಸ್ಟರ್.

ಹುಡುಗಿ ತಮಾಷೆಯೆಂದು ನಗಲು ಹೊರಟವಳು ಆಕೆಯ ಮುಖ ನೋಡಿ ತುತ್ತು ಕೆಳಗಿಟ್ಟಳು. ಅಷ್ಟರಲ್ಲಿ ಕಿಟಕಿ ಬದಿಯ ರೋಗಿ ವಾಂತಿ ಮಾಡಿಕೊಂಡಳು. "ನೀನು ಊಟ ಮುಗಿಸು, ನಾನು ನೋಡ್ತೀನಿ," ಎನ್ನುತ್ತಾ ದೊಡ್ಡ ಸಿಸ್ಟರ್ ಎದ್ದಳು.